ವೇಬಿಲ್ಲಿನ ಬೆನ್ನಿಗೆ

ಇಪ್ಪತ್ತೆರಡು ವರ್ಷ
ಮೆಜೆಸ್ಟಿಕ್ಕಿಂದ ಕೆಂಗೇರಿಗೆ, ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ
ದಿನಕ್ಕೆ ಎಂಟು ಸಲ
ಈ ಹೊಳೆಯ ಮಗ್ಗುಲಲ್ಲೇ ನಿಂತುಕೊಂಡು ಹೋಗಿದ್ದೇನೆ.
ನೋಡಿಲ್ಲ.
ಗಾಳಿ ಆಂಜನೇಯನ ಗುಡಿ ಬಂತೆಂದರೆ
ಜನಕ್ಕೆ ಒಂದು ಕೈ ಗಲ್ಲಕ್ಕೆ, ಒಂದು ಕೈ ಮೂಗಿಗೆ.
ನಾನು ಚಿಲ್ಲರೆ ಎಣಿಸುತ್ತ ಉಸಿರು ಹಿಡಿದು
ನಾಯಂಡಹಳ್ಳಿ ದಾಟಿದ ಮೇಲೆ ಬಿಡುತ್ತಿದ್ದೆ.

ಈಗ ಅದರ ಜತೆಗೇ ಹೋಗಬೇಕಂತೆ ನನಗೆ.
ಸೈಕಲ್ಲಲ್ಲಿ. ಸಂಗಮದವರೆಗೆ.
ಯಾಕೆ, ಅಂದ ಡ್ರೈವರ್ ಮರಿಸ್ವಾಮಿ, ಬೀಡಿ ಹಚ್ಚುತ್ತ.
ಹೇಳಲು ಬರಲಿಲ್ಲ.
‘ಮೊಣಕಾಲು ಯಾರದ್ದು, ನಿಂದಾ, ನಿಗಮದ್ದಾ?’

ರಾತ್ರಿ, ವೇಬಿಲ್ಲಿನ ಬೆನ್ನಿಗೆ ಸ್ಟೇಜು ಬರೆಯುತ್ತೇನೆ.
ದಾರಿ ಬರೆಯಲು ನನಗೆ ಬೇರೆ ರೀತಿ ಗೊತ್ತಿಲ್ಲ.

ಒಂದನೇ ಸ್ಟೇಜು: ದೊಡ್ಡ ಬಸವನ ಪಾದ.
ಅಲ್ಲೇ ಹುಟ್ಟಿದ್ದು ಅನ್ನುತ್ತಾರೆ. ಹೋಗಿ ನೋಡಿದೆ.
ಕಲ್ಲು, ಎಣ್ಣೆ, ಬಾಡಿದ ಹೂವು.
ನೀರೆಲ್ಲಿ ಎಂದರೆ ಕಡಲೆಕಾಯಿ ಮಾರುವಾಕೆ
ಸೇರು ಕುಲುಕುತ್ತ ಅಂದಳು:
‘ಹುಟ್ಟಿದ ಮನೇಲಿ ಯಾವ ಹೆಣ್ಣು ಕೂತವಳೆ, ಹೋಗವ್ವ.’
ಮಲ್ಲೇಶ್ವರದ ಟೈಮ್‌ಕೀಪರು ಒಪ್ಪಲಿಲ್ಲ:
ಹೊಳೆ ನಮ್ಮ ನಂದಿಯ ಬಾಯಿಂದ ಬರೋದು ಕಣಮ್ಮ.
ಇರಲಿ, ಎರಡು ತವರು.
ಏರು ಕಡಿಮೆ ಇರುವ ಕಡೆಗೆ ಗುರುತು ಹಾಕಿದೆ.

ಸೈಕಲ್ಲು ಬಾಪೂಜಿನಗರದ ಗುಜರಿಯದು,
ಸಾವಿರದ ಎಂಟುನೂರು.
ಅಲ್ಲಾಬಕ್ಷ್ ತಲೆಕೆಳಗೆ ನಿಲ್ಲಿಸಿ ಚಕ್ರ ತಿರುವಿ
ಕಿವಿಯಿಟ್ಟು ಕೇಳಿದ, ಡಾಕ್ಟರ ಹಾಗೆ.
‘ಹಿಂದೆ ಕ್ಯಾರಿಯರ್ ಬೆಸುಗೆ ಹಾಕ್ತೀನಕ್ಕಾ,
ಎಷ್ಟು ಭಾರ ಹೊರಬೇಕು?’
ಲೆಕ್ಕ ಹೇಳಿದೆ: ಒಂದು ಜಮಖಾನೆ, ಎರಡು ಟ್ಯೂಬು, ಪಂಪು,
ಮೂರು ದಿನದ ಚಪಾತಿ, ಮೊಣಕಾಲಿಗೆ ನೀಲಗಿರಿ ಎಣ್ಣೆ,
ಕುಡಿಯಲು ಐದು ಲೀಟರ್ ನೀರು.
ಅವನು ನಕ್ಕ.
ಹೊಳೆ ಪಕ್ಕದ ದಾರಿಗೆ ನೀರು ಹೊತ್ತುಕೊಂಡು ಹೋಗೋರು!
ನಾನೂ ನಕ್ಕೆ. ಆಮೇಲೆ ಇಬ್ಬರೂ ಸುಮ್ಮನಾದೆವು.

ಕೆಂಗೇರಿ. ಕುಂಬಳಗೋಡು. ಅಲ್ಲಿಗೆ ನನ್ನ ಊರು ಮುಗಿಯಿತು.
ಎಲ್ಲಿ ಬಾಗಿಲಿರುವ ಪಾಯಿಖಾನೆ ಎಂಬುದೇ
ಡ್ಯೂಟಿಯ ಹೆಂಗಸಿಗೆ ಮೊದಲ ನಕ್ಷೆ;
ಇಲ್ಲಿಯವರೆಗೆ ಕಣ್ಣು ಮುಚ್ಚಿ ಹೇಳಬಲ್ಲೆ,
ಮುಂದೆ ಪೊದೆಗಳನ್ನು ನಂಬಬೇಕು.

ಬೈರಮಂಗಲದ ಹೊಂಬಾಳೇಗೌಡರಿಗೆ ಫೋನ್ ಮಾಡಿದೆ,
ಪೇಟೆಗೆ ಹುಲ್ಲು ತರುವವರು, ಮರಿಸ್ವಾಮಿಗೆ ದೂರದ ನೆಂಟರು.
ದಂಡೆಯ ಮೇಲೆ ದಾರಿ ಇದೆಯಾ?
‘ಇದೆ, ಇಲ್ಲ.
ನೊರೆ ಎದ್ದ ದಿನ ದಾರಿ ಮೇಲೇ ಹೊಳೆ ಕೂರುತ್ತೆ,
ಮದುವೆ ಹೆಣ್ಣಿನ ಥರ, ಬೆಳ್ಳಗೆ.
ಬನ್ನಿ, ಮುದ್ದೆ ಹಾಕ್ತೀವಿ. ಮೂಗು ಮಾತ್ರ ಬೆಂಗಳೂರಲ್ಲೇ ಇಟ್ಟು ಬನ್ನಿ.’
ಆಮೇಲೆ ಸ್ವಲ್ಪ ತಡೆದು,
‘ನಿಮ್ಮದೇ ನೀರಲ್ಲವಾ ತಾಯಿ,’ ಅಂದರು.
ಬೈದಿದ್ದರೆ ಚೆನ್ನಾಗಿತ್ತು.

ಬೈರಮಂಗಲ ದಾಟಿ ಅರ್ಕಾವತಿ ಕೂಡುವವರೆಗೆ
ಹಾಳೆಯಲ್ಲಿ ಖಾಲಿ ಬಿಟ್ಟಿದ್ದೇನೆ, ಎರಡು ಬೆರಳಗಲ.
ಊರುಗಳ ಹೆಸರು ಕೇಳಬಹುದು, ಯಾರಾದರೂ ಹೇಳಿಯಾರು.
ಬೇಡ ಅನ್ನಿಸಿದೆ.
ಜೀವಮಾನವೆಲ್ಲ ಮುಂದಿನ ಸ್ಟೇಜು ಕೂಗಿ ಕೂಗಿ ಹೇಳಿದವಳು
ಎರಡು ಬೆರಳಷ್ಟು ಕೂಗದೆ ಹೋಗುತ್ತೇನೆ.

ಕೊನೆಗೆ ಕನಕಪುರ, ಸಂಗಮ.
ಅಲ್ಲಿ ಕಾವೇರಿಯೊಳಗೆ ಇದು ಎಲ್ಲಿ ಕಾಣೆಯಾಗುತ್ತದೆ
ಎಂದು ಕಾಲು ನೆನೆಸಿ ಹುಡುಕುವ ಆಸೆ.
ಅದೇ ಕಾವೇರಿ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿ
ಪೈಪಿನಲ್ಲಿ ನಮ್ಮ ಬೀದಿಗೆ ಬರುತ್ತಾಳೆ,
ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ.
ಇವತ್ತು ಬರುವ ದಿನ.
ಡ್ರಮ್ಮು ತುಂಬುವವರೆಗೆ ಮಲಗುವಂತಿಲ್ಲ,
ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಭಾನುವಾರ ವಾರದ ರಜೆ, ಮೇಲೆರಡು ದಿನ ಸಿ.ಎಲ್. ಕೇಳಿದ್ದೇನೆ.
ಡಿಪೋ ಮ್ಯಾನೇಜರು ಕಾರಣ ಬರೆಯಿರಿ ಅಂದರು.
‘ಸಂಬಂಧಿಕರ ಭೇಟಿ’ ಎಂದು ಬರೆದುಕೊಟ್ಟೆ.
ಸಹಿ ಇನ್ನೂ ಬಿದ್ದಿಲ್ಲ.
ಹಿಂದಿನ ಬ್ರೇಕು ಕೀಚ್ ಅನ್ನುವುದು ನಿಂತಿಲ್ಲ.
ಇನ್ನೊಂದು ಸಣ್ಣ ಯೋಚನೆ, ನಗಬೇಡಿ:
ಹಿಂಬಾಗಿಲಲ್ಲಿ ಯಾರೂ ಇಲ್ಲದ ಗಾಡಿ,
ರೈಟ್ ರೈಟ್ ಅಂತ ನನಗೆ ನಾನೇ ಹೇಳಿಕೊಳ್ಳಬೇಕೋ,
ಹೇಳದೆಯೇ ಹೊರಡಬಹುದೋ?