ಎರಡು ತೂತಿನ ಡಬ್ಬಿ

ಬೆಳಗಾವಿ ಅಂಗಡಿಯಾಂವ ಕೇಳಿದ:
"ಎಷ್ಟು ಮಂದಿ ಹಾಡೋರು, ಅಕ್ಕಾರ?"
ಒಬ್ಬಾಕಿ, ಅಂದೆ. ನಮ್ಮ ವೈನಿ.
"ಹಂಗಾದ್ರ ಒಂದ ತೂತಿಂದು ಸಾಕು" ಅಂತ
ಸಾಬೂನಿನಷ್ಟು ಪೆಟ್ಟಿಗಿ ತಗದು ಗಾಜಿನ ಮ್ಯಾಲಿಟ್ಟ.
ಕೆಂಪಂದು. ಆರು ಸಾವಿರದ ಎಂಟ್ನೂರು.
ಬಾಜೂಕ ಎರಡು ತೂತಿಂದು, ಒಂಬತ್ತೂವರಿ ಸಾವಿರ.
ಬಿಶಿ ಎತ್ತಿದ ದುಡ್ಡು ಕೈಚೀಲದಾಗ
ಸರೀ ಒಂಬತ್ತಿತ್ತು.
ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟೆ ಅಂತ ಅಷ್ಟರ ಉಳದಿತ್ತು.

ನಾನು ಕೇಳಿದ್ದು ಒಂದ ಮಾತು:
ಇದು ಕರೆಂಟ್ ಎಲ್ಲಿಂದ ಉಣ್ಣತೈತಿ,
ಗ್ವಾಡಿಯಿಂದೋ ಲ್ಯಾಪ್‌ಟಾಪಿಂದೋ?
ಅಂವ ಬಿಟ್ ಅಂದ, ರೇಟ್ ಅಂದ,
ಲೇಟೆನ್ಸಿ ಅಂದ, ಅಂದ್ರ
ಬಾಯಿಗೂ ಕಿವಿಗೂ ನಡುವಿನ ತಡ.
ನಲವತ್ತೆಂಟು ವೋಲ್ಟ್ ಫ್ಯಾಂಟಮ್ ಅಂದ,
"ಭೂತದ ಕರೆಂಟ್ ಅನ್ರಿ, ಮೈಕಿಗೆ ಬೇಕಾಗತೈತಿ."
ಭೂತ ಇದ್ರ ಇರಲಿ. ನನಗ ಬೇಕಾದದ್ದು
ಊರಾಗ ಲೈಟ್ ಹ್ವಾದ ಮ್ಯಾಲೂ ಬದುಕಿರೋದು.

ಬನಹಟ್ಟಿ ನೋಡೀರೇನ್ರಿ ನೀವು?
ನಮ್ಮ ಓಣಿಯಾಗ ಹದಿನೇಳು ಮನಿ, ಐವತ್ತು ಮಗ್ಗ.
ಖಟ್ ಖಡ ಖಟ್ ಖಡ,
ಕೂಸು ಹುಟ್ಟಿದ್ರೂ ಅದ, ಹೆಣಾ ಎತ್ತಿದ್ರೂ ಅದ.
ಸಣ್ಣಾಗಿಂದ ನಾವು ತುಟಿ ನೋಡಿ ಮಾತು ತಿಳಕೊಂಡವರು.
ಬ್ಯಾರೆ ಊರಿಗೆ ಹ್ವಾದ್ರ ಮಂದಿ ಕೇಳತಾರ,
ಯಾಕ ಒದರ್ತೀರಿ?
ಲೈಟ್ ಹ್ವಾದಾಗಷ್ಟ ನಾಯಿ ಕೇಳಸತಾವ,
ಹಿಂದಿನ ಮನಿ ಭಾಂಡಿ, ಯಾರೋ ಕೆಮ್ಮೋದು.
ಆ ಹೊತ್ತಿನ್ಯಾಗ ವೈನಿ ದನಿ ಹಿಡೀಬೇಕು.
ಇದು ನನ್ನ ಲೆಕ್ಕ.
ಹಂಗಾಗಿ ಒಂದ ತೂತಿಂದು ತಂದೆ.

ಗುರುವಾರ ಮಧ್ಯಾಹ್ನ ಲೈಟ್ ಹೋತು.
ಟ್ರಂಕಿನ ಮ್ಯಾಲೆ ಲ್ಯಾಪ್‌ಟಾಪು,
ಮೈಕಿಗೆ ಅಣ್ಣನ ಹಳೇ ಕಾಲ್ಚೀಲ.
ಹಸರು ದೀಪ ಹತ್ತಿತು.
ಹಾಡ ವೈನಿ, ಅಂದೆ.
ಬನಶಂಕ್ರೆವ್ವ ವೈನಿ ಬಾಯಿ ತಗದಳು, ಮುಚ್ಚಿದಳು.
ಸೆರಗು ಹಿಂಡಿದಳು. ಮತ್ತ ಸುರು ಮಾಡಿ
ಎರಡನೇ ಸಾಲಿಗೆ ದಾರಿ ತಪ್ಪಿದಳು,
ಇಪ್ಪತ್ತೆರಡು ವರ್ಷ ದಿನಾ ಹಾಡಿದ ಪದದಾಗ!
"ಎಲ್ಲಿ ಕಾಲಿಡಬೇಕೋ ತಿಳೀವಲ್ದವ್ವಾ,
ಬತ್ತಿದ ಬಾವಿ ಆಗ್ಯಾವ ಕಿವಿ."
ಆ ರೆಕಾರ್ಡಿಂಗ್ ಇನ್ನೂ ಇಟ್ಟೇನಿ. ನಾಲ್ಕು ನಿಮಿಷ,
ಅದರಾಗ ಮೂರು ಬರೇ ಗಪ್ಪ.

ಸಿಟ್ಟು ಬಂತು. ಸುಳ್ಳ್ಯಾಕ ಹೇಳ್ಲಿ,
ಡಬ್ಬಿ ಮ್ಯಾಲೂ ಬಂತು, ಆಕಿ ಮ್ಯಾಲೂ.
ರಾತ್ರಿ ಅಣ್ಣ ಮಹಾರುದ್ರ ರೊಟ್ಟಿ ಮುರಕೋತ ಅಂದ:
"ತಬಲಾದಾಂವನ ಹೊರಗ ಹಾಕಿ
ಹಾಡು ಅಂದ್ರ ಹ್ಯಾಂಗ?"

ಮತ್ತ ಬೆಳಗಾವಿ. ಅಂಗಡಿಯಾಂವ ಬಿಲ್ ತಿರುವ್ಯಾಡಿದ.
"ಯಾಕ್ರೀ, ಇನ್ನೊಬ್ಬರು ಹಾಡೋರು ಸಿಕ್ರೇನು?"
ಹಾಡೋದಲ್ಲರಿ, ಬಾರಸೋದು.
ಒಂದು ಎಚ್‌ಪಿ ಮೋಟರಿಂದು.
ಕಮ್ಮಿ ಬಿದ್ದ ಐನೂರು ಅಂವ ಬಿಡಲಿಲ್ಲ,
ವೈನಿ ಸಾಸಿವಿ ಡಬ್ಬಿ ಮೊದಲ ಬಿಟ್ಟಿತ್ತು.

ಈಗ ಒಂದನೇ ತೂತಿಗೆ ಆಕಿ.
ಎರಡನೇದಕ್ಕ ಮಗ್ಗ, ವಾಯರು ಹೊಸ್ತಿಲಾ ದಾಟಿ,
ಗುಂಡಿ ಬರೇ ಬೆರಳಿನ ಗೆಣ್ಣಿನಷ್ಟು ತಿರುವಿ.
ಖಟ್ ಖಡ.
ವೈನಿ ಕಂಡಿಕಿ ಸುತ್ತಕೋತ, ನನ್ನ ಕಡೆ ನೋಡದ,
ಎತ್ತಿದಳು.
ಹಸರು ದೀಪ ಹಳದಿ ಆತು,
ಒಮ್ಮೆ ಕೆಂಪು ಮುಟ್ಟಿ ಹಿಂದಕ್ಕ ಸರೀತು.

ಮೂರನೇ ನುಡಿ ನಡುವ ಎಳಿ ಹರೀತು.
ಅಣ್ಣ ಮಗ್ಗ ನಿಂದರಿಸಿದ.
ಆಕಿ ಅರ್ಧ ಮಾತಿನ್ಯಾಗ ನಿಂತಳು, ಬಾಯಿ ತಗದದ್ದು ತಗದಂಗ.
ಆಜೂಬಾಜೂ ಮಗ್ಗ ನಡದಾವ,
ಅವು ಬ್ಯಾರೆಯವರ ತಾಳ.
ನಾನು ಬಂದ್ ಮಾಡಲಿಲ್ಲ.
ಹೆಡ್‌ಫೋನಿನ್ಯಾಗ ಕೇಳಸಾಕತ್ತಿತ್ತು:
ಒಂದನೇದರಾಗ ಆಕಿ ಉಸಿರು,
ಎರಡನೇದರಾಗ ಅಣ್ಣ ಬೆರಳಿಗೆ ಉಗುಳು ಹಚ್ಚಿ
ತುದಿಗೆ ತುದಿ ಹೊಸೆಯೋದು,
ಗಂಟು ಬಿಗಿದದ್ದು ಸುದ್ದಾ.