ಬಗಲಿನ ಹೊಲಿಗೆ

ಶಾರ್ಜಾದ ರೋಲಾ, ಬಸ್ ನಿಲ್ದಾಣದ ಹಿಂದಿನ ಓಣಿ,
ಮೇಲಿನ ಏಸಿಗಳ ನೀರು ತೊಟ್ಟಿಕ್ಕುವ ಅಂಗಡಿ ನನ್ನದು.
ಬಂದವರ ಮುಖ ಮರೆಯುತ್ತೇನೆ,
ಅಳತೆ ಮರೆಯುವುದಿಲ್ಲ.

ನಡೆಯುವವರ ಬಟ್ಟೆ ಸವೆಯುತ್ತದೆ,
ಕುಣಿಯುವವರದು ಹರಿಯುತ್ತದೆ.
ಹರಿದ ಜಾಗ ತೋರಿಸಿ ಸಾಕು,
ಯಾವ ಕುಣಿತ ಅಂತ ಹೇಳಿಬಿಡುತ್ತೇನೆ.

ಮಜಾಜ್‌ನ ಹನ್ನೊಂದನೇ ಮಹಡಿಯಲ್ಲಿ
ಕೆಳಮನೆಯವರು ಕೋಲಿನಿಂದ ಸೂರು ಕುಟ್ಟಿದರೂ
ತಟ್ಟಡವು ನಿಲ್ಲಿಸದ ಪೋರಿ ಹಂಸಿನಿ,
ಅವಳ ಬೀಸಣಿಗೆ ನೆರಿಗೆ ಬಿಡುವುದು ಎಡ ಮಂಡಿಯಲ್ಲೇ.
ಅವಳಮ್ಮ ಹರಿದದ್ದನ್ನು
ಪ್ರಶಸ್ತಿಪತ್ರದ ಹಾಗೆ ಎರಡೂ ಕೈಯಲ್ಲಿ ಹಿಡಿದು ತರುತ್ತಾಳೆ.

ಯಕ್ಷಗಾನದವರು ರಜೆಯ ದಿನದ ಮಂದಿ.
ವಾರವೆಲ್ಲ ಸಿಲಿಂಡರ್ ಹೊತ್ತ, ಲೆಕ್ಕ ಬರೆದ ಹೆಗಲುಗಳು
ಮಂಡಿಯೂರಿ ಗಿರಗಿರ ತಿರುಗಿದ ರಾತ್ರಿ
ದಗಲೆಯ ಬೆನ್ನು ಬಿರಿಯುತ್ತದೆ.
"ಎರಡಿಂಚು ಬಿಡಿ ಮಾರಾಯ್ರೇ, ಭೀಮನಿಗೆ ಉಸಿರು ಬೇಕು."

ಒಮ್ಮೆ ಹುಲಿವೇಷದವರೂ ಬಂದಿದ್ದರು:
ಒಂದು ಚಡ್ಡಿ, ಒಂದು ಬಾಲ, ಉಳಿದದ್ದೆಲ್ಲ ಬಣ್ಣ.
ದರ್ಜಿಗೆ ಅನ್ನವಿಲ್ಲದ ಕುಣಿತ.

ಹಿಂಬೀದಿಯ ಉಮ್ ರಾಶಿದ್ ಮಗಳ ಮದುವೆಗೆ
ಹಾಯಿಯಷ್ಟು ಅಗಲದ ಥೋಬು ಹೊಲಿಸಿದಳು, ಅಂಚಿಗೆಲ್ಲ ಜರಿ.
ಹೆಂಗಸರ ಕೋಣೆಯಲ್ಲಿ ಕೂದಲು ಬೀಸಿ ಕುಣಿಯುತ್ತಾರಂತೆ,
ಗಂಡಸರು ನೋಡುವಂತಿಲ್ಲ.
ರಿಪೇರಿಗೆ ಬಂದಾಗ ಕತ್ತಿನ ಜರಿಗೆ ಸಿಕ್ಕಿತ್ತು ಉದ್ದನೆಯ ಒಂದು ಕೂದಲು.
ಬಿಡಿಸಿ ಗಾಳಿಗೆ ಬಿಟ್ಟೆ.
ಹೋಗುವಾಗಲೂ ಅದು
ಎಡಕ್ಕೊಮ್ಮೆ, ಬಲಕ್ಕೊಮ್ಮೆ.

ಬಸ್ತ್ಯಾಂವ ಸಿದ್ದಿ ಮಾತ್ರ ಕುಣಿಯುವವನಲ್ಲ ಅಂದುಕೊಂಡಿದ್ದೆ.
ಗಾರ್ಡೊಳ್ಳಿಯವನು, ನೀರಿನ ಟ್ಯಾಂಕರ್ ಓಡಿಸುತ್ತಾನೆ.
ಇಲ್ಲಿಯವರು ಸೂಡಾನಿ ಎನ್ನುತ್ತಾರೆ,
ನಮ್ಮವರೂ ಕೈಸನ್ನೆ ಮಾಡಿ ಮಾತಾಡಿಸುತ್ತಾರೆ.
ಅವನು, "ಆರಾಮ ಅದೀರೇನ್ರಿ?"

ಜನವರಿಯ ರಾತ್ರಿ ಖೋರ್ ಫಕ್ಕಾನ್‌ಗೆ ನೀರು ಒಯ್ದವನ ಜತೆ ಹೋಗಿದ್ದೆ.
ಕಡಲ ದಂಡೆಯಲ್ಲಿ ಲೀವಾ ನಡೆದಿತ್ತು.
ನಡುವೆ ಸುರ್ನಾಯಿ, ನಗಾರಿಗಳು,
ಒಬ್ಬ ತಗಡಿನ ಡಬ್ಬಿ ಬಡಿಯುತ್ತಿದ್ದ.
ಸುತ್ತ ಬಿಳಿ ಕಂದೂರಗಳ ದೊಡ್ಡ ಬಳೆ,
ಅಡ್ಡ ಹೆಜ್ಜೆ, ಅಡ್ಡ ಹೆಜ್ಜೆ, ಒಂದು ಬಾಗು.
ಇವರ ಅಜ್ಜಂದಿರ ಅಜ್ಜಂದಿರನ್ನು ಆಫ್ರಿಕಾದಿಂದ
ಹಡಗಿನಲ್ಲಿ ತಂದರಂತೆ.
ಹಾಡಿನ ಕೆಲವು ಮಾತಿಗೆ ಅರ್ಥ ಹಾಡುವವರಿಗೂ ತಿಳಿಯದು.

ಬಸ್ತ್ಯಾಂವ ಎಂಜಿನ್ ಆರಿಸಿದ.
ಮೊದಲು ಬೆರಳು, ಸ್ಟೇರಿಂಗಿನ ಮೇಲೆ. ಆಮೇಲೆ ಹಿಮ್ಮಡಿ.
"ನಮ್ಮಜ್ಜಿ ಮುಂದ ಡಮಾಮಿ ಹೀಂಗ ಬಾರಸ್ತಿದ್ರು.
ಹೀಂಗ ಅಂದ್ರ ಹೀಂಗ ಅಲ್ಲ.
ಆದ್ರ ಹೀಂಗ."

ಇಳಿದು ಹೋದ.
ಎರಡು ಸುತ್ತು ತಪ್ಪಿದ, ಮುಂದಿನವನ ಚಪ್ಪಲಿ ತುಳಿದ,
ಮೂರನೆಯದಕ್ಕೆ ಕೈ ಮೇಲೆತ್ತಿದ.
ಚರ್ರ್ ಅಂದದ್ದು ಅಷ್ಟು ನಗಾರಿಯ ನಡುವೆಯೂ
ನನ್ನ ಕಿವಿಗೆ ಬಿತ್ತು.
ಬಗಲು.

ಡಬ್ಬಿಯ ಮುದುಕ ಬೆವರೊರೆಸುತ್ತ ಊರು ಕೇಳಿದ.
"ಹಳಿಯಾಳ."
"ಅದು ಪೆಂಬಾದಿಂದ ಆಚೆಗೋ, ಈಚೆಗೋ?"
ಬಸ್ತ್ಯಾಂವ ಕಡಲ ಕಡೆ ನೋಡಿ, ತುಸು ತಡೆದು,
ಆಚೆಗೆ ಅಂದ.
ಮುದುಕ ತಲೆದೂಗಿ ಖಾವಾದ ಬಟ್ಟಲು ಮುಂದೆ ಹಿಡಿದ.

ಮರುದಿನ ಕಂಪನಿಯ ನೀಲಿ ಅಂಗಿ ನನ್ನ ಮೇಜಿನ ಮೇಲೆ.
ಇದ್ದ ಹಾಗೇ ಹೊಲಿದರೆ
ಕೈ ಸ್ಟೇರಿಂಗಿನವರೆಗೆ ಬರುತ್ತದೆ, ಅಷ್ಟೆ.
ಬಗಲಿಗೆ ಚೌಕದ ತುಂಡೊಂದು ಕೂಡಿಸಿದೆ,
ಹಂಸಿನಿಯ ನೆರಿಗೆಯಲ್ಲಿ ಉಳಿದ ಕೆಂಪು ರೇಷ್ಮೆ,
ಬೇರೆ ಕೈಗೆ ಸಿಗಲಿಲ್ಲ.
ಕೈ ಇಳಿಬಿಟ್ಟರೆ ಸೂಪರ್‌ವೈಸರಿಗೂ ಕಾಣದು.

"ಎಷ್ಟಾತ್ರಿ?" ಅಂದ.
ಎತ್ತು ಮೊದಲು, ನೋಡೋಣ, ಅಂದೆ.