ಗಂಟೆ ಬರೆಯುವವನು

ನನ್ನ ಕೆಲಸ ಇಷ್ಟೇ: ಮಷಿನ್ನು ಹೊಲಕ್ಕಿಳಿದ ಹೊತ್ತು,
ಹೊಲದಿಂದ ಎದ್ದ ಹೊತ್ತು,
ನಡುವೆ ನಿಂತದ್ದೆಷ್ಟು, ಯಾಕೆ.
ಒಂದು ಉದ್ದನೆಯ ಪುಸ್ತಕ, ಕಿವಿಯ ಮೇಲೊಂದು ಪೆನ್ನು.
ಗಂಟೆಗೆ ಇಷ್ಟೆಂದು ಏಜೆಂಟ್ ಪರಸಪ್ಪ ಮಾತಾಡಿರುತ್ತಾನೆ,
ಗಂಟೆ ಎಷ್ಟೆಂದು ನಾನು ಹೇಳಬೇಕು.

ದಾಸನಕೊಪ್ಪದ ಆಚೆ, ನೀಲವ್ವನ ಎರಡೆಕರೆ ಗೋವಿನಜೋಳ.
ಕಾರವಾರದ ಕಡಲಲ್ಲೆದ್ದ ಗಾಳಿ
ಘಟ್ಟ ಹತ್ತಿ, ಶಿರಸಿ ದಾಟಿ,
ಇಲ್ಲಿ ಬರುವಷ್ಟರಲ್ಲಿ ದಣಿದಿತ್ತೇನೋ,
ಹೊಲದ ಮೇಲೇ ಮೈ ಚೆಲ್ಲಿ ಮಲಗಿ, ಎದ್ದು ಹೋಗಿದೆ.
ಎಮ್ಮೆ ಎದ್ದ ಜಾಗದ ಹುಲ್ಲಿನ ಹಾಗೆ
ದಂಟೆಲ್ಲ ಮೂಡಣಕ್ಕೆ ತಲೆ ಹಾಕಿ ಬಿದ್ದಿವೆ.

ಆತ್ತೂರಿನ ತಂಗವೇಲು ಕ್ಯಾಬಿನ್ನಿನಿಂದ ಇಳಿದ.
ಒಂದು ದಂಟು ಎತ್ತಿದ, ಬಿಟ್ಟ.
ಬುಡ ಹಿಡಿದು ಅಲ್ಲಾಡಿಸಿದ. ಬೇರು ಸಡಿಲ.
ಹಂದಿ ಗೆಡ್ಡೆ ಹುಡುಕುವಷ್ಟು ಕೆಳಕ್ಕೆ
ಮಷಿನ್ನಿನ ಮೂತಿಗಳನ್ನು ಇಳಿಸಿದ.
"ಒಂದೇ ಪಕ್ಕ ಹೊಡೀಬೇಕು" ಅಂದ,
"ತಲೆ ಕಡೆಯಿಂದ ಬುಡಕ್ಕೆ.
ಆ ಪಕ್ಕ ಹೋದ್ರೆ ತುಳಿಯುತ್ತೆ, ಎತ್ತಲ್ಲ."

ಒಂಬತ್ತೂ ಹತ್ತು. ಬರೆದುಕೊಂಡೆ.

ಮೂತಿ ದಂಟಿನಡಿ ತೂರುತ್ತದೆ,
ಮಲಗಿದ ಮಗುವಿನ ತಲೆಯಡಿ ಕೈ ತೂರಿಸಿದ ಹಾಗೆ.
ಆಮೇಲೆ ಹಾಗಿಲ್ಲ.
ಚೈನು ಹಿಡಿದು ಒಳಗೆಳೆದು, ರೋಲರು ದಂಟನ್ನು ಕೆಳಕ್ಕೆ ಜಗ್ಗಿ,
ತೆನೆ ಚಟ್ಟೆಂದು ಕಳಚಿ ಒಂದು ಕಡೆಗೆ,
ರವದಿ ಹುಡಿಹುಡಿಯಾಗಿ ಹಿಂದಕ್ಕೆ.
ಪಡುವಣದ ಬದು ಮುಟ್ಟಿ, ಮೂತಿ ಮೇಲೆತ್ತಿ,
ಬರಿಗೈಯಲ್ಲಿ ತಿರುಗಿ ಬರುತ್ತದೆ ಮೂಡಣಕ್ಕೆ.
ಮತ್ತೆ ಇಳಿಸು. ಮತ್ತೆ ಹೋಗು.

ನಾಕನೇ ಸಲ ಖಾಲಿ ಬಂದದ್ದು ನೋಡಿ ನೀಲವ್ವ ಕೇಳಿದಳು:
"ಸುಮ್ನ ತಿರುಗಿ ಬರಾಕೂ ರೊಕ್ಕ ಏನಪ?"
ತಂಗವೇಲು ಡೀಸೆಲ್ ಟ್ಯಾಂಕ್ ತಟ್ಟಿ ತೋರಿಸಿದ.
ಅವಳು ನನ್ನ ಪುಸ್ತಕ ನೋಡಿದಳು.
ನಾನು ಆಕಾಶ ನೋಡಿದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ಹಿಂದೆ ನಡೆದಳು,
ಹೆಜ್ಜೆ ಎಣಿಸುತ್ತ, ಬಿದ್ದ ತೆನೆ ಹೆಕ್ಕುತ್ತ.
"ಹತ್ತು ಹೆಜ್ಜಿಗೆ ಏಳು ತೆನಿ! ಇದು ಕೊಯ್ಲೋ, ಚೆಲ್ಲೋದೋ?"
ಅವನು ಗೇರು ಇಳಿಸಿದ. ಮಷಿನ್ನು ಬಸುರಿಯಂತೆ ನಡೆಯಿತು.
ಹತ್ತು ಹೆಜ್ಜೆಗೆ ಎರಡು.
ತೆನೆ ಉಳಿಯಿತು, ಗಂಟೆ ಬೆಳೆಯಿತು.
ಅದನ್ನೂ ಅವಳು ಬೆರಳಿನಲ್ಲಿ ಲೆಕ್ಕ ಹಾಕಿದಳು,
ತುಟಿ ಅಲ್ಲಾಡಿದವು, ಮಾತು ಬರಲಿಲ್ಲ.

ಹೊಲದ ನಡುವೆ ಒಂದು ಸುಳಿ.
ಅಲ್ಲಿ ಗಾಳಿಗೇ ದಿಕ್ಕು ತಪ್ಪಿರಬೇಕು,
ದಂಟು ಒಂದರ ಮೇಲೊಂದು ಹೆಣೆದು
ಬಿಡಿಸಲಾರದ ತಲೆಗೂದಲು.
ಯಾವ ಕಡೆಯಿಂದ ಹೋದರೂ ಅದು ಎದುರೂ ಅಲ್ಲ, ಹಿಂದೂ ಅಲ್ಲ.
ಬೇರು ಸಮೇತ ಮಣ್ಣು ನುಂಗಿ ಮಷಿನ್ನು ಕೆಮ್ಮಿ ನಿಂತಿತು.
ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ತಂಗವೇಲು ಮಂಡಿಯೂರಿ
ರೋಲರಿನ ನಡುವಿನಿಂದ ಮೆದ್ದ ದಂಟು ಕಿತ್ತ.
ಮೊಣಕೈವರೆಗೂ ಗೀರು. ಎಡಗೈಗೆ ನಾಲ್ಕೇ ಬೆರಳು,
ಅದು ಯಾವ ಹೊಲದ್ದೆಂದು ನಾವು ಕೇಳಲಿಲ್ಲ.
ನೀಲವ್ವ ಸುಮ್ಮನೆ ಕುಡುಗೋಲು ತಂದಳು.
ಸೊಸೆ ಬಂದಳು. ನನಗೂ ಒಂದು ಕೊಟ್ಟರು.
ಸುಳಿಯನ್ನು ಕೈಯಲ್ಲೇ ಕೊಯ್ದೆವು.

ಆ ಹೊತ್ತನ್ನು ಯಾವ ಸಾಲಿಗೆ ಬರೆಯಲಿ?
ಮಷಿನ್ನು ನಿಂತಿತ್ತು, ಆದರೆ ಕೆಟ್ಟಿರಲಿಲ್ಲ.
ಕೆಲಸ ನಡೆದಿತ್ತು, ಆದರೆ ಮಷಿನ್ನಿನದಲ್ಲ.
ಖಾಲಿ ತಿರುಗಿ ಬಂದದ್ದನ್ನೆಲ್ಲ ಕೂಡಿಸಿದರೆ ಇನ್ನಷ್ಟು.

ಒಂದೂ ಇಪ್ಪತ್ತಕ್ಕೆ ಹೊಲ ಮುಗಿಯಿತು.
ಟ್ರೇಲರಿನಲ್ಲಿ ಹಳದಿ ಕಾಳು, ನಡುನಡುವೆ ಮುರಿದ ಬೆಂಡು.
ನೀಲವ್ವ ಒಂದು ಹಿಡಿ ಮೂಸಿ ನೋಡಿ, ಮತ್ತೆ ಅಲ್ಲಿಗೇ ಸುರಿದಳು.

ರಾತ್ರಿ ಪರಸಪ್ಪ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ ಓದಿದ:
ನೀಲವ್ವ, ಮೂರು ತಾಸು.
ಅದರ ಕೆಳಗೆ:
ಗಾಳಿ, ಒಂದು ತಾಸು ಹತ್ತು ನಿಮಿಷ.

"ಯಾರೋ ಇದು ಗಾಳಿ?
ಯಾವೂರಿನವನು? ವಸೂಲಿಗೆ ಎಲ್ಲಿಗೆ ಹೋಗಲಿ?"

ಕಾರವಾರ ಕಡೆಯವನು, ಅಂದೆ.